ನಾಗಿಣಿ ಕುಣಿದರೆ ಸಂಭ್ರಮ, ಅಕ್ಕ ಕುಣಿದರೆ ಅವಮಾನ!



ಇವತ್ತು ರಾಜಕೀಯ ಇಲ್ಲ. ಅವರು ಇವರಿಗೆ ಏನಂದರು, ಇವರು ಅವರಿಗೆ ಏನು ತಿರುಗೇಟು ಕೊಟ್ಟರು, ಅದೆಲ್ಲ ನಾಳೆಗಿರಲಿ. ಇವತ್ತು ಒಂದು ಫೋನ್ ಕಾಲ್ ಬಗ್ಗೆ ಮಾತಾಡ್ತೀನಿ.

2024ರ ಜನವರಿ 25ರ ರಾತ್ರಿ ಪದ್ಮ ಪ್ರಶಸ್ತಿಗಳ ಪಟ್ಟಿ ಬಂತು. ನ್ಯೂಸ್ ರೂಮಿನಲ್ಲಿ ಆ ಹೊತ್ತು ಹೇಗಿರುತ್ತೆ ಅಂದರೆ, ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಎದ್ದ ಹಾಗೆ. ಒಬ್ಬ ಫೋಟೋ ಹುಡುಕ್ತಾನೆ, ಇನ್ನೊಬ್ಬ ಹೆಸರಿನ ಕಾಗುಣಿತ ಕೇಳ್ತಾನೆ. ಪದ್ಮವಿಭೂಷಣದ ಪಟ್ಟಿಯಲ್ಲಿ ಚಿರಂಜೀವಿ ಇದ್ದರು, ವೆಂಕಯ್ಯ ನಾಯ್ಡು ಇದ್ದರು. ಅವರಿಗೆ ವಿಶೇಷ ಪ್ಯಾಕೇಜ್ ರೆಡಿ ಆಯ್ತು. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು. ವೈಜಯಂತಿಮಾಲಾ ಬಾಲಿ. ಆಗ ವಯಸ್ಸು 90. ಅವರಿಗೆ ನಾವು ಕೊಟ್ಟಿದ್ದು ಎಷ್ಟು ಗೊತ್ತಾ? ಇಪ್ಪತ್ತು ಸೆಕೆಂಡ್. ಓದಿದವನು ನಾನೇ. ‘ಹಿರಿಯ ನಟಿ ವೈಜಯಂತಿಮಾಲಾ ಅವರಿಗೂ ಪದ್ಮವಿಭೂಷಣ’ ಅಂತ ಓದಿದೆ, ಮುಂದಿನ ಸುದ್ದಿಗೆ ಹೋದೆ. ಆ ‘ಅವರಿಗೂ’ ಅನ್ನೋ ಪದ ನನ್ನ ಬಾಯಿಂದಲೇ ಬಂತು.

ಬುಲೆಟಿನ್ ಮುಗಿಸಿ ಮೊಬೈಲ್ ನೋಡಿದರೆ ಊರಿಂದ ನಾಲ್ಕು ಮಿಸ್ಡ್ ಕಾಲ್. ನನ್ನ ಊರು ಮಂಗಳೂರು. ಇದು ಹೇಳಿದ ಕೂಡಲೇ ಬೆಂಗಳೂರಲ್ಲಿ ಎಲ್ಲರೂ ‘ಓ, ಮೀನು, ಸಮುದ್ರ, ನೀರ್‌ದೋಸೆ’ ಅಂತಾರೆ. ಅಲ್ಲ ಸ್ವಾಮಿ. ನಮ್ಮದು ಕೊಪ್ಪಳ ಜಿಲ್ಲೆಯ ಮಂಗಳೂರು, ಯಲಬುರ್ಗಾ ಸೀಮೆ. ನಮ್ಮಲ್ಲಿ ಸಮುದ್ರ ಇಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದರೇ ನಮಗೆ ದೊಡ್ಡ ಸುದ್ದಿ.

ಫೋನ್ ಮಾಡಿದ್ದು ನಮ್ಮಕ್ಕ. ದೊಡ್ಡಪ್ಪನ ಮಗಳು. ನನ್ನನ್ನ ಎತ್ತಿ ಆಡಿಸಿದವಳು.

‘ತಮ್ಮಾ, ಟಿವ್ಯಾಗ ನಾಗಿಣಿ ಆಕೀ ಹೆಸರು ಹೇಳಿದೆಲ್ಲೋ?’

‘ಹೂಂ ಅಕ್ಕಾ, ಹೇಳಿದೆ.’

‘ಇಷ್ಟ ಸ್ವಲ್ಪ ಹೇಳೂದನು? ಆಕೀ ಕುಣಿಯೂದು ಒಂದೀಟು ತೋರಸ್ಬೇಕಿಲ್ಲ? ನಾ ಮೊಮ್ಮಗಳನ್ನ ಕರದು ಕೂಡಿಸಿದ್ದೆ. ಆಕಿ ನೋಡೂದ್ರಾಗ ಮುಗದs ಹೋತು.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅಕ್ಕ ಇನ್ನೊಂದು ವಿಷಯ ಹೇಳಿದಳು. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ನಾಗಿಣಿ ವಿಷಯ. ನಮ್ಮ ಕಡೆ ಮದುವೆ ಮೆರವಣಿಗೆ ನೋಡಿದವರಿಗೆ ಇದು ಗೊತ್ತು. ಬ್ಯಾಂಡ್‌ನವರು ಪುಂಗಿ ಟ್ಯೂನ್ ಶುರು ಮಾಡ್ತಾರೆ. ತಕ್ಷಣ ಒಬ್ಬ ಕರವಸ್ತ್ರದ ತುದಿ ಬಾಯಲ್ಲಿ ಕಚ್ಚಿಕೊಂಡು ಹಾವಾಡಿಗ ಆಗ್ತಾನೆ, ಇನ್ನೊಬ್ಬ ಎರಡೂ ಕೈ ಹೆಡೆ ಮಾಡಿಕೊಂಡು ನೆಲದ ಮೇಲೆ ಹೊರಳಾಡ್ತಾನೆ. ಹೊಸ ಅಂಗಿ ಮಣ್ಣುಪಾಲು. ಗುಜರಾತಿನಿಂದ ತಮಿಳುನಾಡಿನ ತನಕ, ಈ ದೇಶದಲ್ಲಿ ಇದಕ್ಕೆ ಜಾತಿ ಇಲ್ಲ, ಭಾಷೆ ಇಲ್ಲ. ಆ ಟ್ಯೂನ್ ಎಲ್ಲಿಂದ ಬಂತು? 1954ರ ‘ನಾಗಿನ್’ ಅನ್ನೋ ಹಿಂದಿ ಚಿತ್ರದಿಂದ. ಸಂಗೀತ ಹೇಮಂತ್ ಕುಮಾರ್. ತಮಾಷೆ ಏನಂದ್ರೆ, ಅದು ಪುಂಗಿಯಲ್ಲಿ ನುಡಿಸಿದ್ದೇ ಅಲ್ಲ. ಕ್ಲೇವಯೋಲಿನ್ ಅಂತ ಒಂದು ವಿದ್ಯುತ್ ವಾದ್ಯ, ಅದನ್ನ ನುಡಿಸಿದವರು ಮುಂದೆ ಕಲ್ಯಾಣ್‌ಜಿ-ಆನಂದ್‌ಜಿ ಜೋಡಿಯಾಗಿ ಹೆಸರಾದ ಕಲ್ಯಾಣ್‌ಜಿ. ಜತೆಗೆ ಹಾರ್ಮೋನಿಯಂ ಹಿಡಿದು ಕೂತವರು ಮುಂದೆ ಸಂಗೀತ ನಿರ್ದೇಶಕರಾದ ರವಿ. ನಮ್ಮೂರ ಹಾವಾಡಿಗನಿಗೂ ಆಮೇಲೆ ಅದೇ ಟ್ಯೂನ್ ಕಲಿಯೋದು ಅನಿವಾರ್ಯ ಆಯ್ತು. ಜನ ಅದನ್ನೇ ಕೇಳೋರು.

ಆ ಚಿತ್ರದ ನಾಗಿಣಿಯೇ ವೈಜಯಂತಿಮಾಲಾ. ಆಗ ಅವರಿಗೆ ಇಪ್ಪತ್ತರ ಆಸುಪಾಸು.

ಇವರು ಹುಟ್ಟಿದ್ದು ಮದ್ರಾಸಿನ ತಿರುವಲ್ಲಿಕೇಣಿಯಲ್ಲಿ, 1933ರಲ್ಲಿ. ಮನೆಮಾತು ತಮಿಳು. ಆದರೆ ಬೇರು? ತಂದೆಯ ಹೆಸರು ಎಂ.ಡಿ. ರಾಮನ್. ಆ ‘ಎಂ’ ಅಂದರೆ ಮಂಡ್ಯಂ. ನಮ್ಮ ಹಳೆ ಮೈಸೂರಿನ ಮಂಡ್ಯ, ಮೇಲುಕೋಟೆ ಕಡೆಯ ಅಯ್ಯಂಗಾರ್ ಮನೆತನ. ಅಜ್ಜಿಯ ಹೆಸರು ಯದುಗಿರಿ ದೇವಿ. ಯದುಗಿರಿ ಅಂದರೆ ಮೇಲುಕೋಟೆಯದೇ ಹಳೆ ಹೆಸರು. ಅಂದಮೇಲೆ ಇವರು ಪೂರ್ತಿ ಹೊರಗಿನವರಲ್ಲ, ನಮ್ಮ ಚೆಲುವನಾರಾಯಣನ ಕಡೆಯವರೇ.

ತಾಯಿ ವಸುಂಧರಾ ದೇವಿ. ಇವರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ಕಾರಣ ಸರಿಯೇ ಇತ್ತು. ಆದರೆ ಒಂದು ಪರಿಣಾಮ ನೋಡಿ. ಕುಣಿತ ಅಂದರೆನೇ ಮರ್ಯಾದಸ್ಥರ ಮನೆ ಹೆಣ್ಣು ಮಕ್ಕಳಿಗಲ್ಲ ಅನ್ನೋ ಮಾತು ಗಟ್ಟಿ ಆಯ್ತು. 1935ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ವೇದಿಕೆ ಹತ್ತಿದಾಗ ಊರೆಲ್ಲ ಗುಸುಗುಸು. ಬ್ರಾಹ್ಮಣರ ಮನೆ ಹೆಣ್ಣುಮಗಳು ಸದಿರ್ ಆಡೋದಾ ಅಂತ. ಅದೇ ಕಾಲದಲ್ಲಿ ವಸುಂಧರಾ ದೇವಿ ನೃತ್ಯ ಕಲಿತರು, ಸಂಗೀತ ಕಲಿತರು. ಮೈಸೂರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಕಲಾವಿದರ ತಂಡ ಕಟ್ಟಿಕೊಂಡು ಯೂರೋಪಿಗೆ ಹೋದಾಗ ಅದರಲ್ಲಿ ವಸುಂಧರಾ ಇದ್ದರು. ಮಗಳೂ ಜತೆಗಿದ್ದಳು, ಇನ್ನೂ ಪುಟ್ಟ ಮಗು. ಆ ಮಗು ರೋಮಿನಲ್ಲಿ, ವ್ಯಾಟಿಕನ್ನಿನಲ್ಲಿ, ಹನ್ನೆರಡನೇ ಪಯಸ್ ಪೋಪ್ ಎದುರು ಹೆಜ್ಜೆ ಹಾಕಿತು. ಮೇಲುಕೋಟೆ ಬೇರಿನ ಕೂಸು, ಕಾಲಿಗೆ ಗೆಜ್ಜೆ, ಎದುರಿಗೆ ಪೋಪ್!

1943ರಲ್ಲಿ ವಸುಂಧರಾ ದೇವಿ ಜೆಮಿನಿಯವರ ‘ಮಂಗಮ್ಮ ಶಪಥಂ’ ಚಿತ್ರದಲ್ಲಿ ನಾಯಕಿ. ಚಿತ್ರ ಭರ್ಜರಿ ಓಡಿತು. ಇದೆಲ್ಲ ನೋಡಿದ ಅಜ್ಜಿ ಯದುಗಿರಿಗೆ ಮೊಮ್ಮಗಳ ವಿಷಯದಲ್ಲಿ ಆತಂಕ. ನೃತ್ಯ ಇರಲಿ, ಸಿನಿಮಾ ಬೇಡ ಅಂತ. ವಳುವೂರು ರಾಮಯ್ಯ ಪಿಳ್ಳೆಯವರ ಹತ್ತಿರ ಭರತನಾಟ್ಯ ಪಾಠ, ಬೆಳಗ್ಗೆ ಚರ್ಚ್ ಪಾರ್ಕ್ ಕಾನ್ವೆಂಟ್. ಮದ್ರಾಸಿನ ಗೋಖಲೆ ಹಾಲ್‌ನಲ್ಲಿ ಒಂದು ದಿನ ಈ ಹುಡುಗಿಯ ನೃತ್ಯ. ಅದನ್ನ ನೋಡಿದವರು ನಿರ್ದೇಶಕ ಎಂ.ವಿ. ರಾಮನ್. ಎವಿಎಂ ಸಂಸ್ಥೆಗೆ ಹೊಸ ಮುಖ ಹುಡುಕ್ತಾ ಇದ್ದರು. ಮನೆಗೆ ಬಂದು ಕೇಳಿದರೆ ಅಜ್ಜಿ ಸುಲಭಕ್ಕೆ ಒಪ್ಪಲಿಲ್ಲ. ಹುಡುಗಿ ಚಿಕ್ಕವಳು, ಓದು ಕೆಡುತ್ತೆ, ನೃತ್ಯ ಕೆಡುತ್ತೆ. ಕೊನೆಗೆ ಒಪ್ಪಿದರು. 1949ರಲ್ಲಿ ‘ವಾಳ್ಕೈ’. 1951ರಲ್ಲಿ ಅದೇ ಕಥೆ ಹಿಂದಿಯಲ್ಲಿ ‘ಬಹಾರ್’. ಹಿಂದಿ ಬಾರದ ಹುಡುಗಿ ಹಿಂದಿ ಪ್ರಚಾರ ಸಭೆಗೆ ಹೋಗಿ ಕಲಿತು, ತನ್ನ ಮಾತನ್ನ ತಾನೇ ಆಡಿದಳು.

ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದರೆ, ಅದೇ ಕಾಲದ ಹಾಲಿವುಡ್‌ಗೆ ಒಮ್ಮೆ ಹೋಗಿ ಬರೋಣ.

ಅಲ್ಲೂ ನರ್ತಕಿಯರು ನಟಿಯರಾದ ಕಾಲ ಅದು. ಸಿಡ್ ಚರಿಸ್ ಅಂತ ಒಬ್ಬಳು. ಟೆಕ್ಸಾಸಿನವಳು. ಚಿಕ್ಕಂದಿನಲ್ಲಿ ಪೋಲಿಯೋ. ಮೈಗೆ ಶಕ್ತಿ ಬರಲಿ ಅಂತ ಬ್ಯಾಲೆ ಕ್ಲಾಸಿಗೆ ಹಾಕಿದರು. ಪೋಲಿಯೋ ಬಂದ ಮಗು ಮುಂದೆ ಎಂಜಿಎಂ ಸ್ಟುಡಿಯೋದ ದೊಡ್ಡ ನರ್ತಕಿ. 1952ರ ‘ಸಿಂಗಿಂಗ್ ಇನ್ ದ ರೇನ್’ ನೋಡಿ. ಜೀನ್ ಕೆಲಿ ಎದುರು ಹಸಿರು ಉಡುಪಿನಲ್ಲಿ ಆಕೆ ಬಂದು ನಿಂತರೆ ಕಣ್ಣು ಕದಲಲ್ಲ. ಆದರೆ ಆ ಚಿತ್ರದಲ್ಲಿ ಆಕೆಗೆ ಒಂದೇ ಒಂದು ಮಾತಿಲ್ಲ. ಮುಂದಿನ ಚಿತ್ರಗಳಲ್ಲಿ ಹಾಡಿದರೆ, ಆ ದನಿ ಬೇರೆಯವರದು.

ಇನ್ನೊಬ್ಬಳು ರೀಟಾ ಹೇವರ್ತ್. ನಮ್ಮ ತಾತಂದಿರಿಗೂ ಈ ಹೆಸರು ಗೊತ್ತು. ನಿಜವಾದ ಹೆಸರು ಮಾರ್ಗರೀಟಾ ಕಾರ್ಮೆನ್ ಕ್ಯಾನ್ಸಿನೋ. ತಂದೆ ಸ್ಪೇನಿನ ನರ್ತಕ. ಹನ್ನೆರಡರ ವಯಸ್ಸಿಗೇ ಮಗಳನ್ನ ಜೋಡಿಯಾಗಿ ನಿಲ್ಲಿಸಿಕೊಂಡು ಕ್ಲಬ್ಬುಗಳಲ್ಲಿ ಕುಣಿಸಿದ. ದೇಶದ ಕಾನೂನು ಕಾಡಿದರೆ ಗಡಿ ದಾಟಿ ಮೆಕ್ಸಿಕೋದ ಟಿಹುವಾನಾದಲ್ಲಿ. ಸ್ಟುಡಿಯೋದವರು ಬಂದರು. ಹೆಸರು ಸ್ಪ್ಯಾನಿಷ್ ಆಯ್ತು ಅಂತ ಬದಲಿಸಿದರು. ಕಪ್ಪು ಕೂದಲನ್ನ ಕೆಂಪು ಮಾಡಿದರು. ಹಣೆ ಚಿಕ್ಕದಾಯ್ತು ಅಂತ ಹಣೆಯ ಮೇಲಿನ ಕೂದಲನ್ನ ವಿದ್ಯುತ್ ಸೂಜಿಯಿಂದ ಒಂದೊಂದಾಗಿ ಸುಡಿಸಿದರು. ಎಷ್ಟು ನೋವಾಗಿರಬೇಕು! ಫ್ರೆಡ್ ಆಸ್ಟೇರ್ ಜತೆ ಎರಡು ಚಿತ್ರ, ಆಮೇಲೆ 1946ರಲ್ಲಿ ‘ಗಿಲ್ಡಾ’. ಜಗತ್ತೇ ಹುಚ್ಚಾಯ್ತು. ಎಂಥ ಹುಚ್ಚು? ಅದೇ ವರ್ಷ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಪರೀಕ್ಷೆ ಮಾಡಿದ ಅಣುಬಾಂಬಿಗೆ ಗಿಲ್ಡಾ ಅಂತ ಹೆಸರಿಟ್ಟು ಆಕೆಯ ಚಿತ್ರ ಅಂಟಿಸಿದರು. ಅದು ಗೌರವ ಅಂತ ಅವರು ಅಂದುಕೊಂಡಿದ್ದರು. ಆಕೆ ಕೋಪದಿಂದ ಕುದಿದು ಹೋದಳು. ಆ ‘ಗಿಲ್ಡಾ’ದಲ್ಲೂ ಹಾಡಿದ ದನಿ ಆಕೆಯದಲ್ಲ. ಕೊನೆಗಾಲದಲ್ಲಿ ಅಲ್‌ಝೈಮರ್ ಬಂದು ತಾನು ಯಾರು ಅನ್ನೋದೇ ಮರೆತು, 1987ರಲ್ಲಿ ತೀರಿಕೊಂಡಳು.

ಈಗ ವಾಪಸ್ ಬನ್ನಿ. ಬಾಂಬೆಯಲ್ಲೂ ಹೆಸರು ಬದಲಿಸೋ ಚಾಳಿ ಇತ್ತು. ಯೂಸುಫ್ ಖಾನ್ ದಿಲೀಪ್ ಕುಮಾರ್ ಆದರು, ಮುಮ್ತಾಜ್ ಮಧುಬಾಲಾ ಆದರು, ಮಹಜಬೀನ್ ಮೀನಾ ಕುಮಾರಿ ಆದರು. ವೈಜಯಂತಿಮಾಲಾ ಮಾತ್ರ ವೈಜಯಂತಿಮಾಲಾ ಆಗೇ ಉಳಿದರು. ಪೋಸ್ಟರ್‌ನಲ್ಲಿ ಅಷ್ಟುದ್ದ ಹೆಸರು ಹಿಡಿಸಬೇಕಾದವನು ಎಷ್ಟು ಬೈದುಕೊಂಡನೋ ಗೊತ್ತಿಲ್ಲ.

ಹೆಸರಿಗಿಂತ ದೊಡ್ಡದು ಇನ್ನೊಂದಿದೆ. 1955ರಲ್ಲಿ ಬಿಮಲ್ ರಾಯ್ ಅವರ ‘ದೇವದಾಸ್’. ದಿಲೀಪ್ ಕುಮಾರ್ ನಾಯಕ. ಪಾರೋ ಪಾತ್ರ ಸುಚಿತ್ರಾ ಸೇನ್. ಚಂದ್ರಮುಖಿ ಪಾತ್ರ ವೈಜಯಂತಿಮಾಲಾ. ಚಂದ್ರಮುಖಿ ಯಾರು? ಕೋಠೆಯ ನರ್ತಕಿ. ಅಯ್ಯಂಗಾರ್ ಮನೆಯ ಹುಡುಗಿ ಆ ಪಾತ್ರ ಮಾಡಿದಳು. ಹಾಗೆ ಮಾಡಿದಳು ಅಂದರೆ, ದೇವದಾಸನ ಮೇಲೆ ಸಿಟ್ಟು ಬರುತ್ತೆ ಹೊರತು ಚಂದ್ರಮುಖಿ ಮೇಲೆ ಬರಲ್ಲ. ಫಿಲ್ಮ್‌ಫೇರ್‌ನವರು ಪ್ರಶಸ್ತಿ ಕೊಟ್ಟರು. ಯಾವುದು? ಪೋಷಕ ನಟಿ ಪ್ರಶಸ್ತಿ. ಬೇರೆ ಯಾರಾದರೂ ಆಗಿದ್ದರೆ ಥ್ಯಾಂಕ್ಸ್ ಹೇಳಿ ಮನೆಯ ಶೋಕೇಸಿನಲ್ಲಿ ಇಡ್ತಿದ್ದರು. ಇವರು ಬೇಡ ಅಂದರು. ಚಂದ್ರಮುಖಿ ಪಾರೋಗೆ ಪೋಷಕ ಅಲ್ಲ, ಇಬ್ಬರೂ ಸಮ ಅಂದರು. ಫಿಲ್ಮ್‌ಫೇರ್ ಪ್ರಶಸ್ತಿಯನ್ನ ಹಾಗೆ ವಾಪಸ್ ಕಳಿಸಿದ ಮೊದಲಿಗರು ಇವರೇ.

ನನಗೆ ಅದು ಬರೀ ಪ್ರಶಸ್ತಿಯ ಜಗಳ ಅನ್ನಿಸಲ್ಲ. ಗರತಿ ನಾಯಕಿ, ಕುಣಿಯೋಳು ಪೋಷಕಿ ಅನ್ನೋ ಲೆಕ್ಕ ಇದೆಯಲ್ಲ, ಅದನ್ನ ಒಪ್ಪಲ್ಲ ಅಂತ ಆ ಹುಡುಗಿ ಹೇಳಿದ ಹಾಗಿದೆ. ಅವರ ಮನಸ್ಸಿನಲ್ಲಿ ಇದೇ ಇತ್ತು ಅಂತ ನಾನು ಆಣೆ ಮಾಡಲ್ಲ. ಆದರೆ ಮುಂದಿನ ಪಾತ್ರಗಳನ್ನ ನೋಡಿ. 1958ರ ‘ಸಾಧನಾ’, ಬಿ.ಆರ್. ಚೋಪ್ರಾ ಚಿತ್ರ. ಅದರಲ್ಲಿ ವೇಶ್ಯೆಯ ಪಾತ್ರ. ಆಕೆಗೂ ಮನೆ, ಸಂಸಾರ ಬೇಕು ಅನ್ನೋ ಕಥೆ. ಅದಕ್ಕೆ ಸಿಕ್ಕಿದ್ದು ಶ್ರೇಷ್ಠ ನಟಿ ಪ್ರಶಸ್ತಿ. ಪೋಷಕ ಅಲ್ಲ, ಶ್ರೇಷ್ಠ. 1966ರಲ್ಲಿ ‘ಆಮ್ರಪಾಲಿ’, ವೈಶಾಲಿಯ ನಗರವಧು. ನಡುವೆ ‘ಮಧುಮತಿ’, ‘ಗಂಗಾ ಜಮುನಾ’, ‘ಸಂಗಮ್’. ‘ಗಂಗಾ ಜಮುನಾ’ದಲ್ಲಿ ಮದ್ರಾಸಿನ ಹುಡುಗಿ ಉತ್ತರದ ಹಳ್ಳಿ ಭಾಷೆ ಆಡಿ ಅದಕ್ಕೂ ಶ್ರೇಷ್ಠ ನಟಿ ಪ್ರಶಸ್ತಿ ಹೊಡೆದಳು. ತಮಿಳಿನ ‘ವಂಜಿಕೋಟೈ ವಾಲಿಬನ್’ನಲ್ಲಿ ಪದ್ಮಿನಿ ಜತೆ ನೃತ್ಯದ ಪಂದ್ಯ. ಯೂಟ್ಯೂಬ್‌ನಲ್ಲಿ ಇವತ್ತಿಗೂ ಜನ ಅದರ ಕೆಳಗೆ ಕೂತು, ಗೆದ್ದವರು ಯಾರು ಅಂತ ಜಗಳ ಆಡ್ತಾರೆ. ಅರವತ್ತು ವರ್ಷ ಮೇಲಾಯ್ತು, ತೀರ್ಪು ಬಂದಿಲ್ಲ.

1968ರಲ್ಲಿ ಡಾಕ್ಟರ್ ಚಮನ್‌ಲಾಲ್ ಬಾಲಿ ಜತೆ ಮದುವೆ. ಕೈಯಲ್ಲಿದ್ದ ಚಿತ್ರ ಮುಗಿಸಿ ಸಿನಿಮಾ ಬಿಟ್ಟರು. ನೃತ್ಯ ಬಿಡಲಿಲ್ಲ. 1982ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿದ್ದು ಸಿನಿಮಾಕ್ಕಲ್ಲ, ಭರತನಾಟ್ಯಕ್ಕೆ. 1984ರಲ್ಲಿ ದಕ್ಷಿಣ ಮದ್ರಾಸಿನಿಂದ ಲೋಕಸಭೆಗೆ ಗೆದ್ದರು, 89ರಲ್ಲಿ ಮತ್ತೆ ಗೆದ್ದರು. ಮೇಲುಕೋಟೆಯ ಇನ್ನೊಂದು ಹೆಣ್ಣುಮಗಳು, ಅದೇ ಚರ್ಚ್ ಪಾರ್ಕ್‌ನಲ್ಲಿ ಓದಿ, ಭರತನಾಟ್ಯ ಕಲಿತು, 1964ರಲ್ಲಿ ಪಂತುಲು ಅವರ ‘ಚಿನ್ನದ ಗೊಂಬೆ’ಯಲ್ಲಿ ಕನ್ನಡಕ್ಕೆ ಬಂದು, ಆಮೇಲೆ ತಮಿಳುನಾಡನ್ನೇ ಆಳಿದ ಕಥೆ ನಿಮಗೆಲ್ಲ ಗೊತ್ತು. ಜಯಲಲಿತಾ ಬಗ್ಗೆ ನಾವು ನೂರು ಗಂಟೆ ಮಾಡಿದ್ದೀವಿ, ಇವತ್ತು ಬೇಡ.

ಇಷ್ಟೆಲ್ಲ ಇದ್ದ ಬದುಕಿನಲ್ಲಿ ನಾವು ಟಿವಿಯವರು ಏನು ಹುಡುಕಿದ್ದೀವಿ ಹೇಳಿ? 2007ರಲ್ಲಿ ಅವರ ಆತ್ಮಕಥೆ ಬಂದಾಗ, ಒಬ್ಬ ದೊಡ್ಡ ನಾಯಕನ ಜತೆ ಹೆಸರು ಸೇರಿಸಿ ಹಬ್ಬಿದ ಹಳೇ ಗಾಳಿಸುದ್ದಿ ಸುಳ್ಳು ಅಂತ ಬರೆದರು. ಆಗ ನಾನು ಬೇರೊಂದು ಚಾನೆಲ್‌ನಲ್ಲಿದ್ದೆ. ‘ಸುಳ್ಳಾ? ನಿಜಾನಾ?’ ಅಂತ ಅರ್ಧ ಗಂಟೆ ಕಾರ್ಯಕ್ರಮ ಮಾಡಿದೆವು. ಸ್ಕ್ರಿಪ್ಟ್‌ನಲ್ಲಿ ನನ್ನ ಕೈಯೂ ಇತ್ತು. ಆ ಅರ್ಧ ಗಂಟೆಯಲ್ಲಿ ಅವರ ನೃತ್ಯ ಒಂದು ನಿಮಿಷವೂ ಇರಲಿಲ್ಲ. ಗಾಸಿಪ್‌ಗೆ ಮೂವತ್ತು ನಿಮಿಷ, ಪದ್ಮವಿಭೂಷಣಕ್ಕೆ ಇಪ್ಪತ್ತು ಸೆಕೆಂಡ್. ಲೆಕ್ಕ ನೀವೇ ಹಾಕಿ.

ಈಗ ಅಕ್ಕನ ಮಾತು.

ನಮ್ಮ ಸೀಮೆ 1948ರ ತನಕ ನಿಜಾಮನ ಕೈಯಲ್ಲಿ, 1956ರ ತನಕ ಹೈದರಾಬಾದ್ ರಾಜ್ಯದಲ್ಲಿ ಇದ್ದದ್ದು. ಕಚೇರಿ ಭಾಷೆ ಉರ್ದು. ಹಾಗಾಗಿ ಹಿರಿಯರಿಗೆ ಹಿಂದಿ ಪಿಚ್ಚರ್ ಅಂದರೆ ನೀರು ಕುಡಿದಷ್ಟು ಸಲೀಸು. ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಟೆಂಟ್ ಟಾಕೀಸಿಗೆ ಹಳೇ ಚಿತ್ರಗಳು ಬರೋವು. ನಮ್ಮ ದೊಡ್ಡಪ್ಪ ಚಕ್ಕಡಿ ಕಟ್ಟಿಕೊಂಡು ಹೋಗಿ ‘ನಾಗಿನ್’ ನೋಡಿದವರು. ಒಂದು ಸಲ ಅಲ್ಲ, ಮೂರು ಸಲ. ಆ ಟ್ಯೂನನ್ನ ಮನೆಯಲ್ಲಿ ಗುನುಗುತ್ತಾ ಇದ್ದರು. ಅಕ್ಕ ಕಲಿತಿದ್ದು ಅವರ ಬಾಯಿಂದಲೇ.

ಎಂಟನೇ ಇಯತ್ತೆ. ಶಾಲೆಯ ಗ್ಯಾದರಿಂಗ್. ಅಕ್ಕ ನಾಗಿಣಿ ಹಾಡಿಗೆ ಕುಣಿದಳು. ನಾನು ಸಣ್ಣವ, ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದೆ. ಅವಳು ಅಷ್ಟು ಚಂದ ಕಂಡಿದ್ದನ್ನ ನಾನು ಮತ್ತೆ ಯಾವತ್ತೂ ನೋಡಲಿಲ್ಲ. ಮೊದಲ ಬಹುಮಾನ, ಒಂದು ಸ್ಟೀಲ್ ತಾಟು. ಆ ತಾಟು ಹಿಡಿದುಕೊಂಡು ಮನೆಗೆ ಬಂದಳು. ಯಾರೋ ದೊಡ್ಡಪ್ಪನಿಗೆ ಕಟ್ಟೆಯ ಮೇಲೆ ಹೇಳಿದ್ದರು, ‘ಏನ್ರಿ ಗೌಡ್ರ, ನಿಮ್ಮ ಹುಡುಗಿ ನಾಟಕದಾಕಿ ಆಗಾಕತ್ಯಾಳ’ ಅಂತ. ದೊಡ್ಡಪ್ಪ ಹೊಡೀಲಿಲ್ಲ. ಬೈಯಲೂ ಇಲ್ಲ. ‘ಕುಣಿಯೂದು ನಮ್ಮ ಮನಿತನದಾಗ ಇಲ್ಲವ್ವಾ’ ಅಂದರು, ಅಷ್ಟೇ. ಮರುದಿನದಿಂದ ಶಾಲೆ ಬಂದ್. ಮುಂದಿನ ವರ್ಷ ಮದುವೆ.

ಆ ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್‌ನವರು ಏನು ಬಾರಿಸಿದರು ಅಂತ ಹೇಳಬೇಕಾ? ದೊಡ್ಡಪ್ಪನ ತಮ್ಮಂದಿರು, ಗೆಳೆಯರು, ಎಲ್ಲ ಕರವಸ್ತ್ರ ಕಚ್ಚಿಕೊಂಡು ನೆಲದ ಮೇಲೆ ಹೊರಳಾಡಿದರು. ದೊಡ್ಡಪ್ಪನೂ ಎರಡು ಹೆಜ್ಜೆ ಹಾಕಿದರು. ಮನೆತನಕ್ಕೆ ಏನೂ ಆಗಲಿಲ್ಲ. ಅಕ್ಕ ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದಳು.

ನಾವು ಎಂಥ ಜನ ಅಂದರೆ, ಜಾತ್ರೆ ನಾಟಕಕ್ಕೆ ದುಡ್ಡು ಕೊಟ್ಟು ಪಾತ್ರದ ಹೆಣ್ಣುಮಕ್ಕಳನ್ನ ಕರೆಸ್ತೀವಿ, ಸೀಟಿ ಹೊಡಿತೀವಿ, ಒನ್ಸ್ ಮೋರ್ ಅಂತೀವಿ. ರಾತ್ರಿ ಅವರು ಮಲಗೋದಕ್ಕೆ ಒಂದು ಮನೆ ಕೇಳಿದರೆ ಊರಲ್ಲಿ ಎಲ್ಲರ ಬಾಗಿಲೂ ಹಾಕಿರುತ್ತೆ. ಬೀಳಗಿಯಂಥ ಊರಿಂದ ಹೋಗಿ ಬಾಂಬೆಯಲ್ಲಿ ಹೆಸರು ಮಾಡಿದ ಅಮೀರ್‌ಬಾಯಿ ಕರ್ನಾಟಕಿಯನ್ನ ನಾವು ಹೆಮ್ಮೆಯಿಂದ ನಮ್ಮಾಕೆ ಅಂತೀವಿ. ಹೋಗಿ ಹೆಸರು ಮಾಡಿದ ಮೇಲೆ.

ಅಕ್ಕ ಮೊನ್ನೆ ಫೋನಿನಲ್ಲಿ ಹೇಳಿದ್ದು ಇದು. ಅವಳ ಮೊಮ್ಮಗಳು ಗಂಗಾವತಿಯಲ್ಲಿ ಇದ್ದಾಳೆ. ನಾಲ್ಕು ವರ್ಷದಿಂದ ಭರತನಾಟ್ಯ ಕಲೀತಾಳೆ. ಈಗ ಒಂಬತ್ತನೇ ತರಗತಿ. ಅವಳಪ್ಪ, ಅಂದರೆ ಅಕ್ಕನ ಮಗ, ನನ್ನ ಸೋದರಳಿಯ, ಕ್ಲಾಸ್ ಬಿಡಿಸ್ತೀನಿ ಅಂತಿದ್ದಾನಂತೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಓದಿಗೆ ತೊಂದರೆ ಅಂತ. ಓದಿನ ಕಾರಣ ನಿಜ ಇರಬಹುದು. ಆದರೆ ಕೊನೆಗೆ ಅವನ ಬಾಯಿಂದ ಬಂದಿದ್ದು, ‘ನಾಳೆ ಗಂಡಿನವರು ಕೇಳಿದರ ಏನ್ ಹೇಳೂದು?’ ಅಂತ.

ಅಕ್ಕ ಮಗನಿಗೆ ಎದುರು ಮಾತಾಡಿಲ್ಲ. ಆಡಿ ರೂಢಿ ಇಲ್ಲ. ನನಗೆ ಹೇಳಿದಳು: ‘ನಾ ಹೇಳಿದರ ಕೇಳಂಗಿಲ್ಲ ತಮ್ಮಾ. ನೀ ಟಿವ್ಯಾಗ ಹೇಳಿದರ ಕೇಳ್ತಾನ. ನಿನ್ನ ಮಾತು ಅಂದ್ರ ಅವಂಗ ಭಾಳ.’

ವೀಕ್ಷಕರೇ, ನಿಮ್ಮೆಲ್ಲರ ಮುಂದೆ ಕೂತು ಇವತ್ತು ನಾನು ಮಾತಾಡಿದ್ದು ಒಬ್ಬನಿಗೆ. ತಪ್ಪಾಗಿದ್ದರೆ ಕ್ಷಮಿಸಿ. ಹೆಸರು ಹೇಳಲ್ಲ, ಅವನಿಗೆ ಗೊತ್ತಾಗುತ್ತೆ.

ಅಳಿಯಾ, ನಿಮ್ಮವ್ವ ಎಂಟನೇ ಇಯತ್ತೆಯಲ್ಲಿ ಗೆದ್ದ ಸ್ಟೀಲ್ ತಾಟು ಇನ್ನೂ ನಿಮ್ಮ ಅಡುಗೆ ಮನೆಯಲ್ಲೇ ಇದೆ. ಅದರ ಅಂಚಿನ ಮೇಲೆ ಅವಳ ಹೆಸರು ಕೊರೆದಿದ್ದಾರೆ. ನೀನು ಚಿಕ್ಕವನಿದ್ದಾಗ ಅದರಲ್ಲೇ ಉಣ್ಣುತ್ತಿದ್ದೆ. ಅದು ಯಾವ ಬಹುಮಾನ ಅಂತ ಒಂದು ಸಲವಾದರೂ ಕೇಳಿದ್ದೀಯಾ? ಇವತ್ತು ರಾತ್ರಿ ಕೇಳು.

ಅಕ್ಕಾ, ಮೊನ್ನೆ ತಪ್ಪಿಹೋಗಿತ್ತು. ಈಗ ‘ನಾಗಿನ್’ನ ಆ ದೃಶ್ಯ ಹಾಕ್ತಾ ಇದ್ದೀವಿ, ಪೂರ್ತಿ. ನಡುವೆ ಜಾಹೀರಾತು ಬೇಡ ಅಂತ ಹೇಳಿದ್ದೀನಿ. ಮೊಮ್ಮಗಳನ್ನ ಕರಿ. ಟಿವಿ ಸೌಂಡ್ ಜೋರು ಮಾಡು.